ಇನ್ನೊಂದು ಬಾಟಲಿ ಸಲೈನ್ ಏರಿಸಬೇಕೇ?

ನಾಟಿ ಹೊತ್ತಿನ ಮಳೆಯಲ್ಲಿ ಕುಮಟಾ, ಅಂಕೋಲಾ ಕಡೆಯ ಆಸ್ಪತ್ರೆಗೆ ಇಲಿಜ್ವರದ ರೋಗಿ ಬಂದರೆ ಲಕ್ಷಣಗಳು ಪರಿಚಿತವೇ: ಮೀನಖಂಡದಲ್ಲಿ ಮುಟ್ಟಲಾಗದ ನೋವು, ಕೆಂಪೇರಿದ ಕಣ್ಣು, ಕಡಿಮೆಯಾದ ಮೂತ್ರ, 80ಕ್ಕೆ ಇಳಿದ ಬಿಪಿ. ಸಲೈನ್ ಕೊಡದಿದ್ದರೆ ಕಿಡ್ನಿಗೆ ಪೆಟ್ಟು. ಹೆಚ್ಚು ಕೊಟ್ಟರೆ ಸೋರುವ ರಕ್ತನಾಳಗಳಿಂದ ನೀರು ಶ್ವಾಸಕೋಶಕ್ಕೆ ಇಳಿಯುತ್ತದೆ. ಹುಬ್ಬಳ್ಳಿ ದಾರಿಯ ಅರಬೈಲ್ ಘಟ್ಟದ ನಡುವೆ ಆಂಬುಲೆನ್ಸಿನಲ್ಲಿ ಉಸಿರು ಕಟ್ಟಿದರೆ ಮಾಡಲು ಉಳಿಯುವುದು ಬಹಳ ಕಡಿಮೆ. ಆದ್ದರಿಂದ ಹುಬ್ಬಳ್ಳಿಗೋ ಮಣಿಪಾಲಕ್ಕೋ ಹೊರಡಿಸುವ ಮೊದಲೇ, ಹಾಸಿಗೆ ಪಕ್ಕದಲ್ಲೇ ಅಲ್ಟ್ರಾಸೌಂಡ್ ಪ್ರೋಬ್ ಇಟ್ಟು ನೋಡಬೇಕು.

ಸೆಪ್ಸಿಸ್‌ನಲ್ಲಿ, ಅಂದರೆ ಸೋಂಕಿನಿಂದ ಅಂಗಾಂಗಗಳೇ ಕೆಡತೊಡಗಿದಾಗ, ಬಿಪಿ ಬಿದ್ದವರಿಗೆ ಮೊದಲ 3 ಗಂಟೆಯಲ್ಲಿ ತೂಕದ ಪ್ರತಿ ಕಿಲೋಗೆ 30 ಮಿಲಿ ಸಲೈನ್ ಎಂಬ ಸಲಹೆಯಿದೆ. 50 ಕಿಲೋ ತೂಕದವರಿಗೆ 500 ಮಿಲಿಯ 3 ಬಾಟಲಿ. ಮೂರನ್ನೂ ಒಂದೇ ಉಸಿರಿಗೆ ಓಡಿಸಬಾರದು. ಒಂದೊಂದು ಮುಗಿದಾಗಲೂ ಪ್ರೋಬ್ ಇಟ್ಟು ಎದೆ ನೋಡಬೇಕು.

ಹೊಟ್ಟೆ ಸ್ಕ್ಯಾನಿಗೆ ಬಳಸುವ 2ರಿಂದ 5 ಮೆಗಾಹರ್ಟ್ಸ್‌ನ ಬಾಗಿದ ಪ್ರೋಬೇ ಸಾಕು. ಧಾರಾಳವಾಗಿ ಜೆಲ್ ಹಚ್ಚಿ, ಪಕ್ಕೆಲುಬುಗಳ ನಡುವೆ ಚರ್ಮಕ್ಕೆ ನೇರವಾಗಿ ಹಿಡಿಯಬೇಕು. ಎರಡು ಪಕ್ಕೆಲುಬುಗಳ ಕಪ್ಪು ನೆರಳಿನ ನಡುವೆ ಹೊಳೆಯುವ ಗೆರೆಯೇ ಪ್ಲೂರಾ, ಅಂದರೆ ಶ್ವಾಸಕೋಶದ ಹೊದಿಕೆ. ಗಾಳಿ ಶಬ್ದದಲೆಯನ್ನು ಬಹುಪಾಲು ಹಿಂದಕ್ಕೇ ಎಸೆಯುತ್ತದೆ. ಹಾಗಾಗಿ ಒಣಗಿರುವ ಶ್ವಾಸಕೋಶದಲ್ಲಿ ಪ್ಲೂರಾದ ಕೆಳಗೆ ಸಮಾನ ಅಂತರದಲ್ಲಿ ಅಡ್ಡಗೆರೆಗಳು ಕಾಣುತ್ತವೆ. ಇವು ಎ ಗೆರೆಗಳು. ನೀರು ಸೇರಿದರೆ ಪ್ಲೂರಾದಿಂದಲೇ ಹೊರಟು, ಮಾಸದೆ ಪರದೆಯ ತಳದವರೆಗೆ ಇಳಿಯುವ, ಉಸಿರಿನೊಡನೆ ಓಲಾಡುವ ಬಿ ಗೆರೆಗಳು ಬರುತ್ತವೆ. ಒಂದೇ ಸಂದಿಯಲ್ಲಿ 3 ಅಥವಾ ಹೆಚ್ಚು ಕಂಡರೆ ಅದು ಸಹಜವಲ್ಲ. ಮೊದಲು ಒಣಗಿದ್ದ ಎದೆಯ ಎರಡೂ ಬದಿಯಲ್ಲಿ ಹೀಗೆ ಹೊಸದಾಗಿ ಮೂಡಿದರೆ ಬಾಟಲಿ ನಿಲ್ಲಿಸಿ, ಬಿಪಿ ಏರಿಸುವ ನಾರ್‌ಅಡ್ರಿನಲಿನ್ ಕಡೆ ತಿರುಗುವುದು ಸರಿ.

ಇಲ್ಲೊಂದು ದೊಡ್ಡ ತೊಡಕಿದೆ. ಇಲಿಜ್ವರದಲ್ಲಿ ಶ್ವಾಸಕೋಶದೊಳಗೆ ರಕ್ತಸ್ರಾವವಾದರೂ ಬಿ ಗೆರೆಗಳೇ ಕಾಣುತ್ತವೆ. ನೀರೋ ರಕ್ತವೋ ಯಂತ್ರ ಹೇಳದು. ಅಲ್ಲಲ್ಲಿ ಮಾತ್ರ ಗೆರೆಗಳಿದ್ದು ಪ್ಲೂರಾ ಒರಟಾಗಿದ್ದರೆ ಬರೀ ಸಲೈನನ್ನು ದೂರಬೇಡಿ. ಕಫದಲ್ಲಿ ರಕ್ತವಿದೆಯೇ, ಹಿಮೋಗ್ಲೋಬಿನ್ ಇಳಿಯುತ್ತಿದೆಯೇ ನೋಡಿ. ಚಿತ್ರವನ್ನು ನಯಗೊಳಿಸುವ ಫಿಲ್ಟರುಗಳು ಚಾಲೂ ಇದ್ದರೆ ಬಿ ಗೆರೆಗಳೇ ಅಳಿಸಿಹೋಗುತ್ತವೆ. ಮೊದಲು ಆ ಫಿಲ್ಟರುಗಳನ್ನು ಆಫ್ ಮಾಡಿ.

ಎದೆಮೂಳೆಯ ಕೆಳಗೆ ಪ್ರೋಬ್ ಇಟ್ಟು ಕೆಳಮಹಾಸಿರೆಯನ್ನೂ, ಅಂದರೆ ದೇಹದ ಕೆಳಭಾಗದ ರಕ್ತವನ್ನು ಹೃದಯಕ್ಕೆ ಮರಳಿಸುವ ದೊಡ್ಡ ರಕ್ತನಾಳವನ್ನೂ, ಅಳೆಯುತ್ತಾರೆ. 2.1 ಸೆಂಟಿಮೀಟರಿಗಿಂತ ಕಿರಿದಾಗಿ, ಉಸಿರೆಳೆದಾಗ ಅರ್ಧಕ್ಕಿಂತ ಹೆಚ್ಚು ಮುದುಡಿದರೆ ಬಲ ಹೃತ್ಕರ್ಣದ (ಹೃದಯದ ಬಲ ಮೇಲಿನ ಕೋಣೆಯ) ಒತ್ತಡ ಕಡಿಮೆ ಎಂದರ್ಥ. ಆದರೆ ಏದುಸಿರು ಬಿಡುವ ರೋಗಿಯಲ್ಲಿ ಸಿರೆ ಉಸಿರಿನ ಸೆಳೆತಕ್ಕೇ ಮುದುಡುತ್ತದೆ. ವೆಂಟಿಲೇಟರ್ ಮೇಲಿದ್ದರೆ ಉಸಿರು ತುಂಬುವಾಗ ಹಿಗ್ಗುತ್ತದೆ. ಇದೊಂದನ್ನೇ ನಂಬಿ ಸಲೈನ್ ಏರಿಸುವುದು ಅಪಾಯ. ಹೃದಯ ಚೆನ್ನಾಗಿ ಹಿಂಡುತ್ತಿದೆಯೇ, ಸುತ್ತ ನೀರು ನಿಂತಿದೆಯೇ ಎಂದು ಅಲ್ಲೇ ನೋಡಿಬಿಡಬೇಕು.

ಭ್ರೂಣಲಿಂಗ ಪತ್ತೆ ತಡೆಯುವ 1994ರ ಕಾಯ್ದೆಯಡಿ ಅಲ್ಟ್ರಾಸೌಂಡ್ ಯಂತ್ರದ ನೋಂದಣಿ ಆಗಲೇಬೇಕು, ಅದು ಸರಿಯಾದದ್ದೇ. ನೋಂದಣಿಯಾದ ಯಂತ್ರ ಸ್ಕ್ಯಾನಿಂಗ್ ಕೋಣೆಯಲ್ಲಿ ಬೀಗ ಹಾಕಿಸಿಕೊಂಡಿದ್ದರೆ ಮಾತ್ರ ಐಸಿಯು ರೋಗಿಗೆ ಪ್ರಯೋಜನವಿಲ್ಲ.

ರೆಫರಲ್ ಚೀಟಿಯಲ್ಲಿ ‘ಐವಿ ಫ್ಲೂಯಿಡ್ ಕೊಟ್ಟಿದೆ’ ಎಂದಷ್ಟೇ ಬರೆಯದೆ, ಎಷ್ಟು ಮಿಲಿ, ಎಷ್ಟು ಗಂಟೆಗೆ, ಆಗ ಯಾವ ಬದಿಯಲ್ಲಿ ಬಿ ಗೆರೆಗಳಿದ್ದವು ಎಂದು ಬರೆಯಿರಿ. ಮುಂದಿನ ಆಸ್ಪತ್ರೆಯ ವೈದ್ಯರು ಮುಂದಿನ ಬಾಟಲಿಯನ್ನು ಅದರ ಮೇಲೆಯೇ ತೀರ್ಮಾನಿಸುತ್ತಾರೆ.