ಪೋಸ್ಟ್‌ಡಾಕ್ ಬೇಕಾ? ಜಾಹೀರಾತು ಕಾಯುತ್ತಾ ಕೂರಬೇಡಿ

ನ್ಯೂರೋಸೈನ್ಸ್‌ನಲ್ಲಿ, ಅಂದರೆ ಮಿದುಳು-ನರಗಳ ವಿಜ್ಞಾನದಲ್ಲಿ, ಎಷ್ಟೋ ಒಳ್ಳೆಯ ಪೋಸ್ಟ್‌ಡಾಕ್ (ಪಿಎಚ್‌ಡಿ ಮುಗಿದ ಮೇಲೆ ಒಂದು ಲ್ಯಾಬ್‌ನಲ್ಲಿ ಕೆಲವು ವರ್ಷ ಮಾಡುವ ಸಂಶೋಧನಾ ಕೆಲಸ) ಜಾಗಗಳು ಜಾಹೀರಾತಿನವರೆಗೆ ಬರುವುದೇ ಇಲ್ಲ. ಯಾರೋ ಸರಿಯಾದ ಹೊತ್ತಿಗೆ ಒಂದು ಮೇಲ್ ಹಾಕಿರುತ್ತಾರೆ, ಲ್ಯಾಬ್ ನಡೆಸುವವರಿಗೆ ಅದು ಹಿಡಿಸಿರುತ್ತದೆ, ನಾವು ನೋಡುವಷ್ಟರಲ್ಲಿ ಮಾತುಕತೆ ಮುಗಿದಿರುತ್ತದೆ. ಹಾಗಾಗಿ ಥೀಸಿಸ್ ಕೊಟ್ಟ ಮೇಲೆ ನೋಡೋಣ ಅನ್ನಬೇಡಿ. ಒಂದು ವರ್ಷ ಮೊದಲೇ ಶುರು ಮಾಡಿ.

ಪೋಸ್ಟ್‌ಡಾಕ್ ಕೇಳಿ ನನಗೆ ಬರುವ ಮೇಲ್‌ಗಳಲ್ಲಿ ಹೆಚ್ಚಿನವು ‘ರೆಸ್ಪೆಕ್ಟೆಡ್ ಸರ್, ನಿಮ್ಮ ಸಂಶೋಧನೆ ನೋಡಿ ತುಂಬಾ ಪ್ರಭಾವಿತನಾದೆ’ ಎಂದೇ ಶುರುವಾಗುತ್ತವೆ. ನಾನು ಸರ್ ಅಲ್ಲ, ಮೇಡಂ. ಅದು ಹೋಗಲಿ, ಯಾವ ಸಂಶೋಧನೆ ಅನ್ನುವುದು ಕೊನೆಯ ಸಾಲಿನವರೆಗೂ ಗೊತ್ತಾಗುವುದಿಲ್ಲ. ವಾಸನೆಯ ಮೇಲೆ ಕೆಲಸ ಮಾಡುವ ಲ್ಯಾಬ್‌ಗಾದರೆ ಹೀಗೆ ಬರೆದು ನೋಡಿ: ‘ಇಲಿ ಎರಡು ವಾಸನೆಗಳ ವ್ಯತ್ಯಾಸ ಕಲಿತಾಗ ಆಲ್ಫ್ಯಾಕ್ಟರಿ ಬಲ್ಬ್‌ನ ಮೈಟ್ರಲ್ ಕೋಶಗಳ ಪ್ರತಿಕ್ರಿಯೆ ಬದಲಾಗುತ್ತದೆ ಎಂದಿದ್ದೀರಿ. ಕಾರ್ಟೆಕ್ಸ್‌ನಿಂದ ಬಲ್ಬ್‌ಗೆ ವಾಪಸ್ ಬರುವ ಸಂಕೇತ ತಡೆದರೂ ಹಾಗೇ ಆಗುತ್ತದೆಯೇ? ನನಗೆ ಪ್ಯಾಚ್ ಕ್ಲ್ಯಾಂಪ್ ಚೆನ್ನಾಗಿ ಬರುತ್ತದೆ, ಟು-ಫೋಟಾನ್ ಇಮೇಜಿಂಗ್ ನಿಮ್ಮಲ್ಲಿ ಕಲಿಯಬೇಕು.’ ಅಷ್ಟು ಸಾಕು. (ಆಲ್ಫ್ಯಾಕ್ಟರಿ ಬಲ್ಬ್ ಅಂದರೆ ವಾಸನೆಯ ಸಂಕೇತ ಮೊದಲು ತಲುಪುವ ಮಿದುಳಿನ ಭಾಗ, ಮೈಟ್ರಲ್ ಕೋಶಗಳು ಅದನ್ನು ಮುಂದೆ ಕಳಿಸುವ ನರಕೋಶಗಳು, ಕಾರ್ಟೆಕ್ಸ್ ಮಿದುಳಿನ ಹೊರಪದರ. ಪ್ಯಾಚ್ ಕ್ಲ್ಯಾಂಪ್ ಒಂದೊಂದೇ ಕೋಶದ ವಿದ್ಯುತ್ ಅಳೆಯುವ ವಿಧಾನ, ಟು-ಫೋಟಾನ್ ಜೀವಂತ ಮಿದುಳಿನೊಳಗಿನ ಕೋಶಗಳ ಚಿತ್ರ ತೆಗೆಯುವ ವಿಧಾನ.) ಸಿವಿ ಲಗತ್ತಿಸಿ. ಎರಡು ವಾರ ಉತ್ತರ ಬರದಿದ್ದರೆ ಇನ್ನೊಮ್ಮೆ ನೆನಪಿಸಿ, ನಾಚಿಕೆ ಬೇಡ.

ಸ್ವಂತ ಫೆಲೋಶಿಪ್ (ನಿಮ್ಮ ಹೆಸರಿಗೇ ಸಿಗುವ ಸಂಶೋಧನಾ ವೇತನ) ತರುವ ಯೋಚನೆ ಇದ್ದರೆ ತಾರೀಖುಗಳ ಮೇಲೆ ಕಣ್ಣಿಡಿ. ಯುರೋಪಿನ ಜೀವವಿಜ್ಞಾನ ಸಂಸ್ಥೆ ಎಂಬೋ (EMBO) ಕೊಡುವ ಫೆಲೋಶಿಪ್‌ಗೆ ಪಿಎಚ್‌ಡಿ ಸಿಕ್ಕ 2 ವರ್ಷದೊಳಗೆ ಅರ್ಜಿ ಹಾಕಬೇಕು. ಯುರೋಪಿಯನ್ ಯೂನಿಯನ್ ಕೊಡುವ ಮೇರಿ ಕ್ಯೂರಿ ಫೆಲೋಶಿಪ್ ಪಿಎಚ್‌ಡಿ ಸಿಕ್ಕ ಮೇಲೆ 8 ವರ್ಷದವರೆಗೂ ಬಿಡುತ್ತದೆ, ಆದರೆ ಕೊನೆಯ ದಿನಾಂಕಕ್ಕೆ ಹಿಂದಿನ 36 ತಿಂಗಳಲ್ಲಿ 12ಕ್ಕಿಂತ ಜಾಸ್ತಿ ತಿಂಗಳು ನೀವು ಹೋಗಬೇಕೆಂದಿರುವ ದೇಶದಲ್ಲೇ ಇದ್ದಿದ್ದರೆ ಅಥವಾ ಕೆಲಸ ಮಾಡಿದ್ದರೆ ಆಗುವುದಿಲ್ಲ. ಮೊದಲು ಜರ್ಮನಿಗೆ ಹೋಗಿಬಿಡೋಣ, ಆಮೇಲೆ ನಿಧಾನವಾಗಿ ಅಲ್ಲೇ ಅರ್ಜಿ ಹಾಕೋಣ ಅನ್ನುವವರು ಸಿಕ್ಕಿಬೀಳುವುದು ಇಲ್ಲೇ.

ಕರೆ ಬಂದ ಮೇಲೆ ಆ ಲ್ಯಾಬ್ ಬಿಟ್ಟು ಹೋದವರ ಜೊತೆ ಮಾತಾಡಿ. ಈಗ ಅಲ್ಲಿರುವವರು ಎಲ್ಲ ಚೆನ್ನಾಗಿದೆ ಅನ್ನುತ್ತಾರೆ, ಪಾಪ, ಇನ್ನೇನು ಹೇಳಿಯಾರು! ಬಿಟ್ಟವರನ್ನು ಎರಡೇ ಮಾತು ಕೇಳಿ: ಹೊರಡುವಾಗ ಲ್ಯಾಬ್ ಮುಖ್ಯಸ್ಥರು ಪ್ರಾಜೆಕ್ಟ್ ಜೊತೆಗೆ ಒಯ್ಯಲು ಬಿಟ್ಟರಾ? ಪೇಪರ್ ಎಷ್ಟು ದಿನ ಅವರ ಮೇಜಿನ ಮೇಲೆ ಕೂತಿತ್ತು?

ಇನ್ನು ದುಡ್ಡಿನ ವಿಷಯ. ಲ್ಯಾಬ್‌ನ ಗ್ರಾಂಟ್ (ಸಂಶೋಧನೆಗೆ ಸಿಕ್ಕ ಅನುದಾನ) ಇನ್ನೆಷ್ಟು ವರ್ಷ ಇದೆ ಅಂತ ನೇರವಾಗಿ ಕೇಳಿ. ಇಲಿಗಳ ತಳಿ ಸಿದ್ಧವಾಗಬೇಕು, ಸರ್ಜರಿ ಕೈಗೆ ಹತ್ತಬೇಕು, ಇಲಿ ಕಲಿಯಬೇಕು, ಅಷ್ಟರಲ್ಲೇ ಮೊದಲ ವರ್ಷ ಕಳೆದಿರುತ್ತದೆ. ಒಂದೇ ವರ್ಷದ ದುಡ್ಡಿದ್ದರೆ, ಎರಡನೇ ವರ್ಷದ ಸಂಬಳ ಎಲ್ಲಿಂದ ಬರುತ್ತದೆ ಅಂತ ಮೇಲ್‌ನಲ್ಲಿ ಬರೆಸಿಕೊಂಡ ಮೇಲೆಯೇ ಟಿಕೆಟ್ ಬುಕ್ ಮಾಡಿ.