ಕಾರಿನ ಲೋಗೋ ಬದಲಾಯಿಸೋಕೆ ಸೂಪರ್ ಗ್ಲೂ ಸಾಕಾ?

ಓದುಗರ ಪ್ರಶ್ನೆ: ನಮ್ಮದು 2015ರ ವ್ಯಾಗನ್‌ಆರ್. ಡಿಕ್ಕಿ ಬಾಗಿಲ ಮೇಲಿನ ‘ಎಸ್’ ಲೋಗೋದ ಬೆಳ್ಳಿ ಬಣ್ಣ ಸಿಪ್ಪೆ ಸಿಪ್ಪೆಯಾಗಿ ಏಳುತ್ತಿದೆ, ಒಂದು ಮೂಲೆ ಕಿತ್ತುಕೊಂಡೂ ಬಂದಿದೆ. ಆಯುಧಪೂಜೆಗೆ ಮುಂಚೆ ಹೊಸದು ಹಾಕಬೇಕು. ಮನೆಯಲ್ಲೇ ಮಾಡಬಹುದಾ? ಸೂಪರ್ ಗ್ಲೂ ಸಾಕಾ?

ಮನೆಯಲ್ಲೇ ಮಾಡಬಹುದು. ಸೂಪರ್ ಗ್ಲೂ ಮಾತ್ರ ಬೇಡವೇ ಬೇಡ.

ಇದನ್ನು ಇಷ್ಟು ಖಡಾಖಂಡಿತವಾಗಿ ಹೇಳೋದಕ್ಕೆ ಕಾರಣ ನಾನೇ ಮಾಡಿಕೊಂಡ ಎಡವಟ್ಟು. ಕೆಲವು ವರ್ಷದ ಹಿಂದೆ ಕಾರನ್ನು ವಾಟರ್ ಸರ್ವಿಸ್‌ಗೆ ಬಿಟ್ಟಿದ್ದೆ. ಅಲ್ಲಿನ ಹುಡುಗ ಪ್ರೆಷರ್ ಪೈಪನ್ನು ಲೋಗೋ ಹತ್ತಿರಕ್ಕೇ ಹಿಡಿದ. ಮೊದಲೇ ಸಡಿಲವಾಗಿದ್ದ ಅದು ಹಾರಿ ಚರಂಡಿ ಪಕ್ಕ ಬಿತ್ತು. ನಾನು ಬುದ್ಧಿವಂತ ಅಂದುಕೊಂಡು, ಪಕ್ಕದ ಪೆಟ್ಟಿ ಅಂಗಡಿಯಿಂದ ಪುಟ್ಟ ಗಮ್ ಟ್ಯೂಬ್ ತಂದು, ನಾಲ್ಕು ಹನಿ ಹಾಕಿ, ಒತ್ತಿ ಹಿಡಿದು, ಮನೆಗೆ ಬಂದೆ. ಮರುದಿನ ನೋಡಿದರೆ ಲೋಗೋ ಸುತ್ತ ಮಂಜು ಬಿದ್ದಂತೆ ಬಿಳಿ ಮಬ್ಬು. ಎರಡು ತಿಂಗಳಿಗೆ ಲೋಗೋ ಮತ್ತೆ ಬಿತ್ತು. ಈ ಸಲ ಎರಡು ಚುಕ್ಕೆ ಪೇಂಟನ್ನೂ ಜೊತೆಗೆ ಕಿತ್ತುಕೊಂಡೇ ಹೋಯಿತು.

ಯಾಕೆ ಹೀಗಾಯಿತು ಅಂದರೆ, ಸೂಪರ್ ಗ್ಲೂ ಒಣಗಿದ ಮೇಲೆ ಗಾಜಿನ ಥರ ಗಟ್ಟಿಯಾಗುತ್ತದೆ. ಬಾಗೋದಿಲ್ಲ, ಹಿಗ್ಗೋದಿಲ್ಲ. ಆದರೆ ಕಾರಿನ ಮೈ ಬಿಸಿಲಿಗೆ ಹಿಗ್ಗುತ್ತದೆ, ರಾತ್ರಿ ಕುಗ್ಗುತ್ತದೆ. ಡಿಕ್ಕಿ ಬಾಗಿಲು ಉಕ್ಕಿನ ತಗಡು, ಲೋಗೋ ಎಬಿಎಸ್ ಅನ್ನೋ ಪ್ಲಾಸ್ಟಿಕ್. ಇವೆರಡೂ ಒಂದೇ ಅಳತೆಯಲ್ಲಿ ಹಿಗ್ಗೋದಿಲ್ಲ. ಹತ್ತು ಸೆಂಟಿಮೀಟರ್ ಅಗಲದ ಲೋಗೋ ಅಂತ ಇಟ್ಟುಕೊಳ್ಳಿ, 40 ಡಿಗ್ರಿ ಬಿಸಿ ಏರಿದರೆ ಅದರ ಕೆಳಗಿನ ಉಕ್ಕು ಹಿಗ್ಗೋದು ಮಿಲಿಮೀಟರಿನ ಇಪ್ಪತ್ತನೇ ಒಂದು ಪಾಲು ಮಾತ್ರ, ಪ್ಲಾಸ್ಟಿಕ್ ಹಿಗ್ಗೋದು ಹೆಚ್ಚುಕಡಿಮೆ ಮೂರನೇ ಒಂದು ಪಾಲು. ನೋಡೋಕೆ ಕೂದಲೆಳೆ ವ್ಯತ್ಯಾಸ. ಆದರೆ ದಿನಾ ಬೆಳಿಗ್ಗೆ ಸಂಜೆ ಇದೇ ಎಳೆದಾಟ. ಕಲಬುರಗಿ, ರಾಯಚೂರಿನ ಏಪ್ರಿಲ್ ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನ ಮೈ ಮುಟ್ಟಿ ನೋಡಿದವರಿಗೆ ಇದು ಜಾಸ್ತಿ ವಿವರಿಸಬೇಕಿಲ್ಲ. ಬಿಗಿಯಾದ ಅಂಟು ಎಲ್ಲೋ ಒಂದು ಕಡೆ ಬಿರಿಯಲೇಬೇಕು.

ಇನ್ನೊಂದು ತೊಂದರೆ, ತಪ್ಪಾಗಿ ಅಂಟಿಸಿದರೆ ಸರಿಪಡಿಸೋಕೆ ದಾರಿಯಿಲ್ಲ. ಸೂಪರ್ ಗ್ಲೂ ಕರಗಿಸೋದು ಅಸಿಟೋನ್, ಅಂದರೆ ಕೆಲವು ನೇಲ್ ಪಾಲಿಶ್ ರಿಮೂವರ್‌ನಲ್ಲಿ ಇರುತ್ತಲ್ಲ, ಅದು. ಅದೇ ಅಸಿಟೋನ್ ಎಬಿಎಸ್ ಪ್ಲಾಸ್ಟಿಕ್ಕನ್ನೂ ಕರಗಿಸುತ್ತದೆ, ಕಾರಿನ ಪೇಂಟಿಗೂ ಒಳ್ಳೆಯದಲ್ಲ.

ಹಾಗಾದರೆ ಕಂಪನಿಯವರು ಹೇಗೆ ಅಂಟಿಸುತ್ತಾರೆ? ಎರಡೂ ಕಡೆ ಅಂಟಿರುವ ಫೋಮ್ ಟೇಪಿನಿಂದ. ಇದು ಸ್ಟೇಷನರಿ ಅಂಗಡಿಯ ಬಿಳಿ ಸ್ಪಂಜಿನ ಟೇಪ್ ಅಲ್ಲ, ಅಕ್ರಿಲಿಕ್ ಫೋಮ್ ಟೇಪ್. 3ಎಂ ಕಂಪನಿ 1980ರಲ್ಲಿ ವಿಎಚ್‌ಬಿ ಅನ್ನೋ ಹೆಸರಲ್ಲಿ ಇಂಥ ಟೇಪನ್ನು ಮಾರುಕಟ್ಟೆಗೆ ತಂದಿತು, ಈಗ ಬೇರೆ ಕಂಪನಿಗಳೂ ಮಾಡುತ್ತವೆ. ದಪ್ಪ ಸುಮಾರು ಒಂದು ಮಿಲಿಮೀಟರ್ ಇರುತ್ತದೆ. ತಗಡಿಗೂ ಪ್ಲಾಸ್ಟಿಕ್ಕಿಗೂ ನಡುವೆ ಒಂದು ಪುಟ್ಟ ಹಾಸಿಗೆ ಹಾಸಿದ ಹಾಗೆ. ಎರಡು ಕಡೆಯವರು ಬೇರೆ ಬೇರೆ ಅಳತೆಯಲ್ಲಿ ಎಳೆದಾಡಿದರೂ ನಡುವಿನವನು ಹಿಗ್ಗಿ ಕುಗ್ಗಿ ಸಹಿಸಿಕೊಳ್ಳುತ್ತಾನೆ. ಅದಕ್ಕೇ ಅದು ವರ್ಷಗಟ್ಟಲೆ ನಿಲ್ಲೋದು. ಅಂಗಡಿಯಲ್ಲಿ ಒಂದು ಚೂರು ಎಳೆದು ನೋಡಿ. ಅಕ್ರಿಲಿಕ್ ಟೇಪ್ ರಬ್ಬರಿನಂತೆ ಉದ್ದಕ್ಕೆ ಹಿಗ್ಗುತ್ತದೆ, ಬಣ್ಣ ಸಾಮಾನ್ಯವಾಗಿ ಬೂದು ಇಲ್ಲವೇ ಕಪ್ಪು. ಬಿಳಿ ಸ್ಪಂಜಿನದು ಬ್ರೆಡ್ಡಿನ ಥರ ಹರಿದು ಬರುತ್ತದೆ.

ಹೊಸ ಲೋಗೋ ಕೊಳ್ಳುವ ಮುಂಚೆ ಒಂದು ಕೆಲಸ ಮಾಡಿ: ಹಳೆಯದರ ಮೇಲೆ ಬಿಳಿ ಹಾಳೆ ಇಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆದುಕೊಳ್ಳಿ. ‘ಎಸ್’ ಎಲ್ಲಾ ಒಂದೇ ಅಂತ ಅಂದುಕೊಂಡು ಹೋದರೆ ಕೆಟ್ಟಿರಿ. ಕಾರಿಂದ ಕಾರಿಗೆ, ಮುಂದಕ್ಕೆ ಹಿಂದಕ್ಕೆ ಅಳತೆ ಬೇರೆ ಬೇರೆ. ಕಂಪನಿಯ ಸ್ಪೇರ್ ಪಾರ್ಟ್ಸ್ ಕೌಂಟರಿನಲ್ಲಿ ಕಾರಿನ ಮಾಡೆಲ್, ವರ್ಷ ಹೇಳಿದರೆ ಪಾರ್ಟ್ ನಂಬರ್ ನೋಡಿ ಕೊಡುತ್ತಾರೆ. ಬೆಂಗಳೂರಿನವರಾದರೆ ಜೆ.ಸಿ. ರಸ್ತೆ ಇದ್ದೇ ಇದೆ, ಅಲ್ಲಿ ಅಸಲಿಯೂ ಸಿಗುತ್ತದೆ, ನಕಲಿಯೂ ಸಿಗುತ್ತದೆ, ಕಣ್ಣು ಬಿಟ್ಟುಕೊಂಡು ವ್ಯಾಪಾರ ಮಾಡಬೇಕು ಅಷ್ಟೇ. ನಕಲಿಯಲ್ಲಿ ಮೊದಲು ಕೈಕೊಡೋದು ಕ್ರೋಮ್. ಪ್ಲಾಸ್ಟಿಕ್ಕಿನ ಮೇಲೆ ತಾಮ್ರ, ನಿಕಲ್, ಕೊನೆಗೆ ಕ್ರೋಮ್ ಅಂತ ಪದರ ಪದರವಾಗಿ ಲೇಪ ಕೂರಿಸಬೇಕು. ಆ ಕೆಲಸದಲ್ಲಿ ಜಿಪುಣತನ ಮಾಡಿದರೆ ನಿಮ್ಮ ಈಗಿನ ಲೋಗೋದಂತೆ ಸಿಪ್ಪೆ ಏಳುತ್ತದೆ. ಅಂದಹಾಗೆ, ಸುಜುಕಿಯವರೇ 2025ರಲ್ಲಿ ಹೊಸ ಲೋಗೋ ತೋರಿಸಿದಾಗ ಪರಿಸರದ ಕಾರಣಕ್ಕೆ ಕ್ರೋಮ್ ಬಿಟ್ಟು ಬೆಳ್ಳಿ ಬಣ್ಣದ ಪೇಂಟಿಗೆ ಹೋದರು. ನಿಮ್ಮ ಹಳೆಯ ಕಾರಿಗೆ ಹಳೆಯ ನಮೂನೆಯದೇ ಚೆಂದ ಬಿಡಿ.

ಈಗ ಹಳೆಯದನ್ನು ಕೀಳೋ ಕೆಲಸ. ಸ್ಕ್ರೂಡ್ರೈವರ್ ಎತ್ತಿಕೊಂಡು ಹೊರಟಿದ್ದರೆ ಅದನ್ನು ಅಲ್ಲೇ ಇಡಿ. ಮೊದಲು ಪೇಂಟರುಗಳು ಬಳಸೋ ಮಾಸ್ಕಿಂಗ್ ಟೇಪನ್ನು ಲೋಗೋದ ಮೇಲಂಚಿಗೂ ಎರಡು ಪಕ್ಕಕ್ಕೂ ತಾಗಿಸಿ ಅಂಟಿಸಿ. ಹೊಸದು ಕೂರಬೇಕಾದ ಜಾಗದ ಗುರುತು ಅದೇ. ಇದನ್ನು ಮರೆತು ಲೋಗೋ ಕಿತ್ತು, ಆಮೇಲೆ ಕಣ್ಣಳತೆಯಲ್ಲಿ ಕೂರಿಸಿದವರ ಕಾರು ಹಿಂದಿನಿಂದ ನೋಡಿದರೆ ಕತ್ತು ಓರೆ ಮಾಡಿಕೊಂಡ ಹಾಗೆ ಕಾಣುತ್ತದೆ.

ಆಮೇಲೆ ಹೇರ್ ಡ್ರೈಯರ್. ಲೋಗೋ ಮೇಲೆ ಎರಡು ಮೂರು ನಿಮಿಷ ಆ ಕಡೆ ಈ ಕಡೆ ಆಡಿಸುತ್ತಾ ಬಿಸಿ ಮಾಡಿ. ಕೈ ಇಟ್ಟರೆ ಬಿಸಿ ಅನ್ನಿಸಬೇಕು, ಆದರೆ ಕೈ ಸುಡಬಾರದು. ವರ್ಕ್‌ಶಾಪಿನ ಹೀಟ್ ಗನ್ ತಂದುಕೊಂಡು ಶೂರತನ ತೋರಿಸಬೇಡಿ, ಎಬಿಎಸ್ ಸುಮಾರು 100 ಡಿಗ್ರಿ ಹತ್ತಿರ ಬಂದರೆ ಮೆತ್ತಗಾಗುತ್ತದೆ, ಪೇಂಟೂ ಗುಳ್ಳೆ ಏಳಬಹುದು. ಡ್ರೈಯರ್ ಇಲ್ಲದಿದ್ದರೆ ಮಧ್ಯಾಹ್ನದ ಬಿಸಿಲಲ್ಲಿ ಒಂದು ಗಂಟೆ ಕಾರು ನಿಲ್ಲಿಸಿದರೂ ಆದೀತು. ಬಿಸಿಯಾದ ಮೇಲೆ ಗಾಳದ ನೈಲಾನ್ ದಾರವನ್ನು ಎರಡೂ ಕೈಗೆ ಸುತ್ತಿಕೊಂಡು, ಲೋಗೋ ಹಿಂದೆ ತೂರಿಸಿ, ಗರಗಸ ಎಳೆದಂತೆ ನಿಧಾನಕ್ಕೆ ಎಳೆಯಿರಿ. ದಾರ ಕತ್ತರಿಸೋದು ಫೋಮನ್ನು ಮಾತ್ರ, ಪೇಂಟಿಗೆ ಗೀರು ಬೀಳೋದಿಲ್ಲ.

ದಾರ ನಡುವೆ ಎಲ್ಲೋ ಸಿಕ್ಕಿಕೊಂಡರೆ ಜೋರು ಮಾಡಬೇಡಿ. ಕೆಲವು ಕಾರುಗಳಲ್ಲಿ ಲೋಗೋ ಹಿಂದೆ ಎರಡು ಪುಟ್ಟ ಮೊಳೆಯಂಥ ಪಿನ್ ಇರುತ್ತವೆ, ತಗಡಿನ ತೂತಿಗೆ ಕೂತಿರುತ್ತವೆ. ಅಂಥದ್ದಾದರೆ ಹೊಸ ಲೋಗೋಗೂ ಪಿನ್ ಇರಬೇಕು. ಪಿನ್ ಇಲ್ಲದ್ದು ಅಂಟಿಸಿ ತೂತು ಹಾಗೇ ಬಿಟ್ಟರೆ ಮಳೆ ನೀರು ಒಳಗಿಳಿದು ತುಕ್ಕು ಹಿಡಿಯುತ್ತದೆ. ಆಕ್ಸಿಡೆಂಟ್ ಆಗಿ ಟಿಂಕರಿಂಗ್, ಪೇಂಟಿಂಗ್ ಮಾಡಿಸಿದ ಬಾಗಿಲಾದರೂ ಹುಷಾರು. ಹೊರಗಡೆ ಹೊಡೆಸಿದ ಪೇಂಟ್ ಎಲ್ಲಾ ಸಲ ಫ್ಯಾಕ್ಟರಿ ಪೇಂಟಿನಷ್ಟು ಗಟ್ಟಿ ಇರೋದಿಲ್ಲ, ಟೇಪಿನ ಜೊತೆ ಸುಲಿದು ಬರಬಹುದು.

ಲೋಗೋ ಬಂದ ಮೇಲೆ ಕಾಣೋ ದೃಶ್ಯಕ್ಕೆ ಗಾಬರಿಯಾಗಬೇಡಿ. ಅರ್ಧ ಹರಿದ ಫೋಮ್, ಕರಿ ಅಂಟು, ಹತ್ತು ವರ್ಷದ ಧೂಳು, ಮೂಲೆಯಲ್ಲಿ ಹಿಂದಿನ ಆಯುಧಪೂಜೆಗಳ ಅರಿಶಿನ ಕುಂಕುಮ ಎಲ್ಲಾ ಸೇರಿ ಒಂದು ಪದರವೇ ಆಗಿರುತ್ತದೆ. ಮತ್ತೆ ಸ್ವಲ್ಪ ಬಿಸಿ ಮಾಡಿ, ಹೆಬ್ಬೆರಳಲ್ಲಿ ಉಜ್ಜಿ ಉರುಳೆ ಮಾಡಿ ತೆಗೆಯಿರಿ. ಬೆರಳು ನೋಯುತ್ತದೆ, ಬೇರೆ ದಾರಿಯಿಲ್ಲ. ಉಳಿದ ಜಿಗುಟಿಗೆ ಬಟ್ಟೆಗೆ ಸ್ವಲ್ಪ ಸೀಮೆಎಣ್ಣೆ ಹಾಕಿ ಒರೆಸಬಹುದು, ಕೊಬ್ಬರಿ ಎಣ್ಣೆ ಹಚ್ಚಿ ಹತ್ತು ನಿಮಿಷ ಬಿಟ್ಟರೂ ಬರುತ್ತದೆ. ಥಿನ್ನರ್ ಬೇಡ, ಬ್ಲೇಡ್ ಬೇಡ, ಪಾತ್ರೆ ಉಜ್ಜೋ ಸ್ಕ್ರಬ್ಬರ್ ಅಂತೂ ಬೇಡ.

ಬಹಳಷ್ಟು ಜನ ಸೋಲೋದು ಇಲ್ಲಿಂದ ಮುಂದೆ. ಅಂಟು ಹೋಯ್ತು, ಹೊಳೆಯುತ್ತಿದೆ, ಇನ್ನೇನು ಅಂತ ಹೊಸದನ್ನು ಒತ್ತಿಬಿಡುತ್ತಾರೆ. ಆದರೆ ಆ ಹೊಳಪು ಎಣ್ಣೆಯದು! ಎಣ್ಣೆ, ಪಾಲಿಶ್, ವ್ಯಾಕ್ಸ್ ಇವುಗಳಲ್ಲಿ ಯಾವುದರ ತೆಳು ಪದರ ಇದ್ದರೂ ಟೇಪು ಹಿಡಿಯೋದು ಆ ಪದರವನ್ನು, ಪೇಂಟನ್ನಲ್ಲ. ಆದ್ದರಿಂದ ಮೊದಲು ಶಾಂಪೂ ನೀರಲ್ಲಿ ತೊಳೆದು ಒಣಗಿಸಿ. ಆಮೇಲೆ ಐಸೋಪ್ರೊಪೈಲ್ ಆಲ್ಕೋಹಾಲ್ ಮತ್ತು ನೀರು ಸಮಸಮ ಬೆರೆಸಿ, ಶುದ್ಧ ಬಟ್ಟೆಯಲ್ಲಿ ಒರೆಸಿ. ಮೊಬೈಲ್ ರಿಪೇರಿಯವರು, ಎಲೆಕ್ಟ್ರಾನಿಕ್ಸ್ ಅಂಗಡಿಯವರು ಬಳಸೋದು ಇದನ್ನೇ, ಅವರನ್ನು ಕೇಳಿದರೆ ಎಲ್ಲಿ ಸಿಗುತ್ತದೆ ಹೇಳುತ್ತಾರೆ. ಮನೆಯಲ್ಲಿ ಕೋವಿಡ್ ಕಾಲದ ಸ್ಯಾನಿಟೈಸರ್ ಬಾಟಲಿ ಉಳಿದಿದೆಯಲ್ಲ, ಅದೂ ಆಲ್ಕೋಹಾಲೇ ಅಲ್ವಾ ಅಂತ ಕೇಳಬೇಡಿ. ಕೈ ಒಣಗದಿರಲಿ ಅಂತ ಅದರಲ್ಲಿ ಸಾಮಾನ್ಯವಾಗಿ ಗ್ಲಿಸರಿನ್ ಹಾಕಿರುತ್ತಾರೆ, ಅದು ಅಲ್ಲೇ ಉಳಿದುಬಿಡುತ್ತದೆ. ಒರೆಸಿದ ಜಾಗವನ್ನು ಮತ್ತೆ ಬೆರಳಲ್ಲಿ ಮುಟ್ಟಿ ‘ಆಹಾ ನುಣ್ಣಗಾಗಿದೆ’ ಅಂತ ನೋಡಲೂಬೇಡಿ.

ಹಳೆಯ ‘ಎಸ್’ನ ನೆರಳು ಪೇಂಟ್ ಮೇಲೆ ಕಾಣಿಸಿದರೆ ಅದು ಕೊಳೆಯಲ್ಲ. ಸುತ್ತಲ ಪೇಂಟ್ ಬಿಸಿಲಿಗೆ ಮಾಸಿದೆ, ಲೋಗೋ ಕೆಳಗಿನದು ಮಾಸಿಲ್ಲ, ಅಷ್ಟೇ. ಅದೇ ಅಳತೆಯ ಹೊಸದು ಕೂತರೆ ಮುಚ್ಚಿಹೋಗುತ್ತದೆ.

ಅಂಟಿಸೋಕೆ ಒಂದು ನಿಮಿಷ ಸಾಕು, ಆದರೆ ಒಂದೇ ಅವಕಾಶ. ಹೊಸ ಲೋಗೋ ಹಿಂದೆ ಟೇಪ್ ಇಲ್ಲದಿದ್ದರೆ ಮೊದಲು ಅದನ್ನು ಅಂಟಿಸಿಕೊಳ್ಳಿ. ಟೇಪಿನ ಮೇಲಿನ ಕಾಗದ ತೆಗೆಯದೆ ಲೋಗೋವನ್ನು ಜಾಗದಲ್ಲಿ ಇಟ್ಟು ನೋಡಿ. ನಾಲ್ಕು ಹೆಜ್ಜೆ ಹಿಂದೆ ಹೋಗಿ ನೋಡಿ, ಮನೆಯವರನ್ನೂ ಕರೆದು ತೋರಿಸಿ. ಇನ್ನೊಬ್ಬರ ಕಣ್ಣಿಗೆ ಓರೆ ಬೇಗ ಕಾಣುತ್ತದೆ. ಆಮೇಲೆ ಕಾಗದವನ್ನು ಪೂರ್ತಿ ಕೀಳದೆ, ಒಂದೊಂದು ತುದಿಯನ್ನು ಸ್ವಲ್ಪ ಬಿಡಿಸಿ ಕಿವಿಯಂತೆ ಹೊರಗೆ ಮಡಚಿ. ಗುರುತಿಗೆ ಸರಿಯಾಗಿ ಇಟ್ಟು, ಆ ತುದಿಗಳನ್ನು ಮೆಲ್ಲಗೆ ತಾಗಿಸಿ, ಸರಿಯಾಗಿದೆ ಅನ್ನಿಸಿದ ಮೇಲೆ ಉಳಿದ ಕಾಗದ ಎಳೆದು ತೆಗೆದು, ಇಡೀ ಲೋಗೋವನ್ನು ಅಂಗೈಯಲ್ಲಿ ಅರ್ಧ ನಿಮಿಷ ಗಟ್ಟಿಯಾಗಿ ಒತ್ತಿ ಹಿಡಿಯಿರಿ. ಈ ಅಂಟು ಒತ್ತಡದಿಂದಲೇ ಹಿಡಿಯೋದು, ಸುಮ್ನೆ ತಾಗಿಸಿ ಬಿಟ್ಟರೆ ಆಗೋದಿಲ್ಲ. ಕಾರಿನ ಮೈ ಸುಮಾರು 20ರಿಂದ 38 ಡಿಗ್ರಿ ಒಳಗೆ ಬೆಚ್ಚಗಿದ್ದರೆ ಚೆನ್ನಾಗಿ ಹಿಡಿಯುತ್ತದೆ. ಮಡಿಕೇರಿಯ ಡಿಸೆಂಬರ್ ಬೆಳಗಿನಲ್ಲಿ, ಇಬ್ಬನಿ ಆರುವ ಮುಂಚೆ ಈ ಕೆಲಸಕ್ಕೆ ಕೂರಬೇಡಿ. ಮಲೆನಾಡಿನ ಜುಲೈನಲ್ಲಾದರೆ ಶೆಡ್ಡಿನೊಳಗೆ, ಡ್ರೈಯರ್‌ನಿಂದ ಜಾಗ ಒಣಗಿಸಿ, ಬೆಚ್ಚಗೆ ಮಾಡಿಕೊಂಡು ಅಂಟಿಸಿ.

ಇನ್ನು ಕಾಯೋದು. ಇಂಥ ಟೇಪು ಇಪ್ಪತ್ತು ನಿಮಿಷಕ್ಕೆ ತನ್ನ ಶಕ್ತಿಯ ಸುಮಾರು ಅರ್ಧ, ಒಂದು ದಿನಕ್ಕೆ ಮುಕ್ಕಾಲಿಗಿಂತ ಜಾಸ್ತಿ, 72 ಗಂಟೆಗೆ ಪೂರ್ತಿ ಹಿಡಿತ ಪಡೆಯುತ್ತದೆ. ಅಲ್ಲಿಯವರೆಗೆ ಕಾರು ಓಡಿಸಬಹುದು, ತೊಳೆಯಬಾರದು.

ಮೇಲೆ ಹೇಳಿದ್ದೆಲ್ಲಾ ಹಿಂಬದಿಯ ಸಾದಾ ಲೋಗೋಗೆ. ಇದನ್ನೇ ಎಲ್ಲಾ ಕಡೆ ಮಾಡಲು ಹೋಗಬೇಡಿ. ಮುಂದಿನ ಗ್ರಿಲ್ಲಿನ ಲೋಗೋ ಎಷ್ಟೋ ಕಾರುಗಳಲ್ಲಿ ಕ್ಲಿಪ್ಪಿನಲ್ಲೋ ಸ್ಕ್ರೂನಲ್ಲೋ ಕೂತಿರುತ್ತದೆ, ದಾರ ಎಳೆದರೆ ಬರೋದಿಲ್ಲ. ಹೊಸ ಕಾರುಗಳಲ್ಲಿ, ಮುಂದಿನ ಗಾಡಿಯ ದೂರ ನೋಡಿ ತಾನೇ ವೇಗ ತಗ್ಗಿಸೋ ಸೌಲಭ್ಯ ಇರೋ ಕೆಲವು ಮಾಡೆಲ್‌ಗಳಲ್ಲಿ, ಆ ಲೋಗೋ ಹಿಂದೆಯೇ ರೇಡಾರ್ ಇರುತ್ತದೆ. ಅಲ್ಲಿಗೆ ಬೇರೆ ಲೋಗೋ ಹಾಕಿದರೆ ರೇಡಾರಿಗೆ ಕಣ್ಣು ಕಟ್ಟಿದಂತೆ, ಅದು ಶೋರೂಮ್ ಕೆಲಸ. ಫೋಕ್ಸ್‌ವ್ಯಾಗನ್ ಪೋಲೋದಲ್ಲಿ ಹಿಂದಿನ ಲೋಗೋನೇ ಡಿಕ್ಕಿ ತೆಗೆಯೋ ಹಿಡಿ, ಅದನ್ನು ಕೀಳೋಕೆ ಹೋದರೆ ಡಿಕ್ಕಿ ಬೀಗಕ್ಕೇ ಕೈ ಹಾಕಿದ ಹಾಗೆ.

ಎಲ್ಲಕ್ಕಿಂತ ಮುಖ್ಯವಾಗಿ, ಸ್ಟಿಯರಿಂಗ್ ನಡುವಿನ ಲೋಗೋ ಮೇಲೆ ಏನನ್ನೂ ಅಂಟಿಸಬೇಡಿ. ಹೊಳೆಯೋ ಕಲ್ಲಿನದು, ಲೋಹದ್ದು, ದೇವರದ್ದು, ಯಾವುದೂ ಬೇಡ. ಏರ್‌ಬ್ಯಾಗ್ ಇರೋ ಕಾರುಗಳಲ್ಲಿ ಅದು ಕೂತಿರೋದು ಆ ಲೋಗೋ ಹಿಂದೆಯೇ. ಅದು ಸಿಡಿದಾಗ ಮೇಲಿದ್ದದ್ದು ಗುಂಡಿನ ಥರ ಮುಖಕ್ಕೇ ಬರುತ್ತದೆ. ಅಮೆರಿಕದಲ್ಲಿ ಹೀಗೆ ಅಂಟಿಸಿದ್ದ ಕಲ್ಲಿನ ಲೋಗೋ ಹಾರಿ ಚಾಲಕರೊಬ್ಬರ ಒಂದು ಕಣ್ಣೇ ಹೋಯಿತು, ಅಲ್ಲಿನ ರಸ್ತೆ ಸುರಕ್ಷತಾ ಸಂಸ್ಥೆ 2023ರಲ್ಲಿ ಈ ಬಗ್ಗೆ ಎಚ್ಚರಿಕೆಯನ್ನೇ ಹೊರಡಿಸಿತು.

ನಿಮ್ಮ ಆಯುಧಪೂಜೆ ವಿಷಯಕ್ಕೆ ಬಂದರೆ, ಪೂಜೆಗೆ ಹಿಂದಿನ ದಿನ ಕಾರು ತೊಳೆಯುತ್ತೀರಿ ತಾನೇ? ಆ ತೊಳೆಯೋ ದಿನಕ್ಕೆ ಮೂರು ದಿನ ಮುಂಚೆಯೇ ಲೋಗೋ ಅಂಟಿಸಿಬಿಡಿ. ವಾಟರ್ ಸರ್ವಿಸ್‌ಗೆ ಬಿಟ್ಟರೆ ಪೈಪನ್ನು ಲೋಗೋದಿಂದ ದೂರ ಹಿಡಿಯೋಕೆ ಮೊದಲೇ ಹೇಳಿ. ಕುಂಕುಮ ಬೇಕಿದ್ದರೆ ಲೋಗೋ ಮಧ್ಯಕ್ಕೆ ಇಡಿ, ಅಂಚಿಗೆ ಬೇಡ. ಹೂವಿನ ಹಾರವನ್ನು ವೈಪರ್‌ಗೆ ಕಟ್ಟಿ, ಲೋಗೋಗೆ ಕಟ್ಟಬೇಡಿ.