ಅಲಾಸ್ಕಾದ ಕಾಡಿಗೆ ಯಾವ ಹ್ಯಾಂಡ್‌ಗನ್ ಒಯ್ಯಬೇಕು?

ಪ್ರಶ್ನೆ: ನಾವು ಮೂವರು ಗೆಳೆಯರು ಜುಲೈನಲ್ಲಿ ಅಲಾಸ್ಕಾದಲ್ಲಿ ಎಂಟು ದಿನ ಟ್ರೆಕ್ಕಿಂಗ್ ಹೊರಟಿದ್ದೇವೆ. ಕರಡಿಗಳ ಭಯ ಇದೆ. ನನಗೆ ಗ್ರೀನ್ ಕಾರ್ಡ್ ಇದೆ, ಉಳಿದಿಬ್ಬರು ಎಚ್-1ಬಿ ವೀಸಾದಲ್ಲಿದ್ದಾರೆ. .44 ಮ್ಯಾಗ್ನಮ್ ರಿವಾಲ್ವರ್ ತಗೊಳ್ಳಲೋ, 10 ಎಂಎಂ ಪಿಸ್ತೂಲೋ?

ಮೊದಲು ನಿಮ್ಮ ಗೆಳೆಯರ ವಿಷಯ. ಎಚ್-1ಬಿಯಂಥ ತಾತ್ಕಾಲಿಕ ವೀಸಾದಲ್ಲಿರುವವರು ಬಂದೂಕು ಇಟ್ಟುಕೊಳ್ಳುವುದು ಅಮೆರಿಕದ ಫೆಡರಲ್ ಕಾನೂನಿನಲ್ಲಿ ಅಪರಾಧ. ಬೇಟೆಯ ಲೈಸೆನ್ಸ್ ಇದ್ದರೆ ವಿನಾಯಿತಿ ಇದೆ ನಿಜ. ಆದರೆ ವಕೀಲರನ್ನು ಕೇಳದೆ ಅದನ್ನು ನೆಚ್ಚಿಕೊಳ್ಳಬೇಡಿ. "ಸ್ವಲ್ಪ ಹಿಡ್ಕೋ" ಅಂತ ದಾರಿಯಲ್ಲಿ ಅವರ ಕೈಗೆ ಕೊಡುವುದೂ ಬೇಡ. ನಿಮಗೆ ಈ ತಡೆ ಇಲ್ಲ. ಆದರೆ ಹ್ಯಾಂಡ್‌ಗನ್ ನೀವಿರುವ ರಾಜ್ಯದಲ್ಲೇ ಕೊಳ್ಳಬೇಕು. ಅಲಾಸ್ಕಾದ ಆಂಕರೇಜ್ ನಗರದಲ್ಲಿ ಇಳಿದು ಅಂಗಡಿಗೆ ಹೋದರೆ ಕೊಡುವುದಿಲ್ಲ.

ಈಗ ಆಯ್ಕೆ. ಎರಡರಲ್ಲಿ ಒಂದು ಅಂದರೆ ನಾನು 10 ಎಂಎಂ ಅನ್ನುತ್ತೇನೆ. .44 ಮ್ಯಾಗ್ನಮ್‌ಗೆ ಬಲ ಜಾಸ್ತಿ, ಸಂದೇಹವೇ ಇಲ್ಲ. ಆದರೆ ಅದರಲ್ಲಿ ಸಾಮಾನ್ಯವಾಗಿ ಆರೇ ಗುಂಡು, ಗುಂಡು ಹಾರುವಾಗ ಕೈಗೆ ಬೀಳುವ ಒದೆತವೂ ಜೋರು. ಗ್ಲಾಕ್ 20ರಂಥ 10 ಎಂಎಂ ಪಿಸ್ತೂಲಿನಲ್ಲಿ 15 ಗುಂಡು ಹಿಡಿಯುತ್ತದೆ. ಕ್ಯಾಲಿಫೋರ್ನಿಯಾದಂಥ ರಾಜ್ಯಗಳಲ್ಲಿ ಮಾತ್ರ 10ಕ್ಕೆ ಮಿತಿ.

ಒದೆತ ಅಂದರೆ ಏನು ಅಂತ ನನಗೆ ಗೊತ್ತಾಗಿದ್ದು ಶೂಟಿಂಗ್ ರೇಂಜಿನಲ್ಲಿ. ಬಾಡಿಗೆಗೆ .44 ತಗೊಂಡಿದ್ದೆ. ಮೊದಲ ಗುಂಡು ಸರಿಯಾಗಿ ಬಿತ್ತು. ಮೂರನೆಯದು ಗುರಿಯ ಹಾಳೆಗೇ ತಾಗಲಿಲ್ಲ. ಕಲಿಸುವವರು ಸುಮ್ನೆ ರಿವಾಲ್ವರ್ ಇಸ್ಕೊಂಡು, ನನಗೆ ಕಾಣದ ಹಾಗೆ ಗುಂಡುಗಳ ನಡುನಡುವೆ, ಹಾರಿಸಿಯಾದ ಖಾಲಿ ಕೇಸು ತುಂಬಿ ಕೊಟ್ಟರು. ಟ್ರಿಗರ್ ಎಳೆದೆ. ಕ್ಲಿಕ್ ಅಂದಿತು ಅಷ್ಟೇ, ಗುಂಡು ಹಾರಲಿಲ್ಲ. ಆದರೂ ನಳಿಗೆಯ ತುದಿ ಎರಡು ಇಂಚು ಕೆಳಗೆ ಬಾಗಿತ್ತು! ಒದೆತಕ್ಕೆ ಹೆದರಿ ಕೈ ಮೊದಲೇ ಬಗ್ಗುತ್ತಿತ್ತು. ಹಾಳೆಯ ಮುಂದೆಯೇ ಹೀಗಾದರೆ ಕರಡಿ ಮುಂದೆ ಹೇಗೆ, ಹೇಳಿ? ಕಂದು ಕರಡಿ ಗಂಟೆಗೆ 50 ಕಿಲೋಮೀಟರ್‌ಗೂ ಹೆಚ್ಚು ವೇಗದಲ್ಲಿ ಓಡಬಲ್ಲದು. 30 ಮೀಟರ್ ದಾಟಲು ಅದಕ್ಕೆ ಎರಡು ಸೆಕೆಂಡು ಸಾಕು.

ಗುಂಡು ಗಟ್ಟಿ ಸೀಸದ್ದು, ಮೂತಿ ಚಪ್ಪಟೆ ಇರುವಂಥದ್ದು ಇರಲಿ. ಅಂಗಡಿಯಲ್ಲಿ ಹಾರ್ಡ್ ಕಾಸ್ಟ್ ಅಂತ ಕೇಳಿ. ಮನುಷ್ಯರಿಂದ ರಕ್ಷಣೆಗೆ ಮಾರುವ ಹಾಲೋ ಪಾಯಿಂಟ್, ಅಂದರೆ ಮೂತಿ ಟೊಳ್ಳಾದ ಗುಂಡು, ಮೈಗೆ ಹೊಕ್ಕ ಕೂಡಲೇ ಅರಳುತ್ತದೆ. ಕೊಬ್ಬು, ಸ್ನಾಯು, ದಪ್ಪ ಮೂಳೆ ದಾಟಿ ಒಳಗೆ ಹೋಗುವುದು ಕಷ್ಟ. ಹೋಲ್‌ಸ್ಟರ್ (ಪಿಸ್ತೂಲು ಸಿಕ್ಕಿಸುವ ಚೀಲ) ಎದೆಯ ಮೇಲೆ ಕಟ್ಟುವಂಥದ್ದು ತಗೊಳ್ಳಿ. ಸೊಂಟದಲ್ಲಿ ಇಟ್ಟರೆ ಬ್ಯಾಗಿನ ಬೆಲ್ಟ್ ಅಡ್ಡ ಬರುತ್ತದೆ.

ಇಷ್ಟೆಲ್ಲ ಹೇಳಿದ ಮೇಲೂ, ಮೂವರಲ್ಲಿ ಪ್ರತಿಯೊಬ್ಬರ ಹತ್ತಿರವೂ ಮೊದಲು ಇರಬೇಕಾದ್ದು ಬೇರ್ ಸ್ಪ್ರೇ, ಅಂದರೆ ಕರಡಿಗೆ ಹೊಡೆಯುವ ಖಾರದ ಸ್ಪ್ರೇ. ಕರಡಿ ಸಂಶೋಧಕರಾದ ಟಾಮ್ ಸ್ಮಿತ್, ಸ್ಟೀಫನ್ ಹೆರೆರೊ ಮತ್ತು ಜೊತೆಗಾರರು ಅಲಾಸ್ಕಾದಲ್ಲಿ 1985ರಿಂದ 2006ರವರೆಗೆ ಸ್ಪ್ರೇ ಬಳಸಿದ ಘಟನೆಗಳನ್ನು ಕಲೆಹಾಕಿ 2008ರಲ್ಲಿ ಪ್ರಕಟಿಸಿದರು. ಸ್ಪ್ರೇ ಕಂದು ಕರಡಿಗಳನ್ನು ಶೇ. 92ರಷ್ಟು ಸಲ ತಡೆಯಿತು. ಸ್ಪ್ರೇ ಇದ್ದವರಲ್ಲಿ ಶೇ. 98 ಜನಕ್ಕೆ ಗಾಯವೇ ಆಗಲಿಲ್ಲ. ಬಂದೂಕಿನ ಬಗ್ಗೆ ಇವರದೇ ಲೆಕ್ಕ 2012ರಲ್ಲಿ ಬಂತು. ಹ್ಯಾಂಡ್‌ಗನ್ ಶೇ. 84ರಷ್ಟು ಸಲ ಕೆಲಸ ಮಾಡಿತ್ತು, ಆದರೆ ಅದು ಬರೀ 37 ಘಟನೆಗಳ ಲೆಕ್ಕ. ಗುಂಡು ಹಾರಿಸಿದವರಿಗೂ, ಬಂದೂಕು ಇದ್ದೂ ಹಾರಿಸದವರಿಗೂ ಗಾಯದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಎರಡೂ ಅಧ್ಯಯನಗಳನ್ನು ನೇರವಾಗಿ ತೂಗುವಂತಿಲ್ಲ. ಆದರೂ ನನಗೆ ಮನಸ್ಸಿಗೆ ನಾಟಿದ್ದು ಈ ಕೊನೆಯ ಮಾತೇ.

ಸ್ಪ್ರೇಗೆ ವೀಸಾ ತೊಂದರೆ ಇಲ್ಲ. ವಿಮಾನದಲ್ಲಿ ಒಯ್ಯಲು ಬಿಡುವುದಿಲ್ಲ, ಆಂಕರೇಜ್‌ನಲ್ಲೇ ಕೊಳ್ಳಿ. ಏಳೆಂಟು ಮೀಟರ್ ದೂರ ಹೋಗುತ್ತದೆ, ಎದುರುಗಾಳಿ ಇದ್ದರೆ ನಿಮ್ಮ ಕಣ್ಣಿಗೇ ಬರುತ್ತದೆ. ಬ್ಯಾಗಿನ ಒಳಗಿಟ್ಟರೆ ಪ್ರಯೋಜನ ಇಲ್ಲ, ಕೈಗೆ ಸಿಗುವ ಹಾಗೆ ಎದೆಪಟ್ಟಿಗೆ ಕಟ್ಟಿಕೊಳ್ಳಿ. ಇನ್ನೊಂದು ಮಾತು: ಜೀವ ಉಳಿಸಿಕೊಳ್ಳಲು ಕರಡಿ ಕೊಂದರೂ ಅಲಾಸ್ಕಾದಲ್ಲಿ ಅದರ ಚರ್ಮ ಸುಲಿದು, ತಲೆಬುರುಡೆ ಸಮೇತ ಸರ್ಕಾರಕ್ಕೆ ಒಪ್ಪಿಸಬೇಕು.

ಪಿಸ್ತೂಲು ಕೊಂಡರೆ ವಾರಕ್ಕೊಮ್ಮೆ ರೇಂಜಿಗೆ ಹೋಗಿ. ಏಳು ಮೀಟರ್ ದೂರದಲ್ಲಿ ಊಟದ ಪೇಪರ್ ಪ್ಲೇಟ್ ನಿಲ್ಲಿಸಿ. ಮೂರು ಸೆಕೆಂಡಿನಲ್ಲಿ ಮೂರು ಗುಂಡೂ ಅದಕ್ಕೇ ಬೀಳಬೇಕು. ಹೋಲ್‌ಸ್ಟರಿನಿಂದ ತೆಗೆಯುವುದನ್ನು ಮನೆಯಲ್ಲಿ ಗುಂಡು ಪೂರ್ತಿ ತೆಗೆದಿಟ್ಟು, ಭಾರದ ಬ್ಯಾಗ್ ಹೊತ್ತು ರೂಢಿ ಮಾಡಿ. ಜೂನ್ ಮಧ್ಯದ ಹೊತ್ತಿಗೂ ಇದು ಆಗದಿದ್ದರೆ ಪಿಸ್ತೂಲನ್ನು ಬೀಗ ಹಾಕಿ ಮನೆಯಲ್ಲೇ ಬಿಟ್ಟು, ಇನ್ನೊಂದು ಸ್ಪ್ರೇ ತಗೊಂಡು ಹೊರಡಿ.